ಕಿವಿ ಮೇಸ್ತ್ರಿ

ಕಾರ್ಖಾನೆಯಲ್ಲಿ ಅವನಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಯಂತ್ರದ ಬೇರಿಂಗಿನ ಮೇಲಿಟ್ಟು, ಹಿಡಿಕೆಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದನೆಂದರೆ ಮ್ಯಾನೇಜರೂ ಉಸಿರು ಬಿಗಿಹಿಡಿಯುತ್ತಿದ್ದ. "ಇದು ಕೊರಗ್ತಿದೆ, ಬಿಚ್ಚಿ" ಎಂದರೆ ಬಿಚ್ಚಬೇಕು; ಬಿಚ್ಚಿದರೆ ಒಳಗಿನ ಗುಂಡು ಸವೆದೇ ಇರುತ್ತಿತ್ತು.

ಬೇರಿಂಗ್ ಕೆಡುವಾಗ ಮೊದಲು ಸಣ್ಣಗೆ, ಕೀರಲು ದನಿಯಲ್ಲಿ ಅಳುತ್ತದೆ. ಗುಡುಗುವುದೆಲ್ಲ ಆಮೇಲೆ, ಕೈಮೀರಿದ ಮೇಲೆ. ಜೀವಮಾನವಿಡೀ ಆ ಗದ್ದಲದಲ್ಲಿ ನಿಂತ ಮೇಸ್ತ್ರಿಯ ಕಿವಿ ಕಳೆದುಕೊಂಡದ್ದು ಆ ಸಣ್ಣ ದನಿಯನ್ನೇ. ಮನೆಯಲ್ಲಿ ಕುಕ್ಕರು ಕೂಗಿ ಕೂಗಿ ತಳ ಹಿಡಿದರೂ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ. "ಡಾಕ್ಟರಿಗೆ ತೋರಿಸೋಣ ರೀ" ಎಂದು ಹೆಂಡತಿ ಗೋಗರೆದಳು.

"ನಿನ್ನ ಮಾತು ಕೇಳಿಸದೆ ಇರೋದು ರೋಗ ಅಲ್ಲ ಕಣೇ, ಪುಣ್ಯ!"

ಕಿವಿ ಹೋದರೆ ಹೆಸರೂ ಹೋಯಿತಲ್ಲ! ಯಾರಿಗೂ ಹೇಳುವುದಿಲ್ಲವೆಂದು ಅವಳಿಂದ ಆಣೆ ಮಾಡಿಸಿಕೊಂಡ. ಆ ಮಹಾತಾಯಿ ಹೇಳಲೂ ಇಲ್ಲ.

ಆಮೇಲೆ ಕಂಪನಿಯವರು ಯಂತ್ರಗಳಿಗೆ ಬೆಂಕಿಪೊಟ್ಟಣದಷ್ಟು ಡಬ್ಬಿಗಳನ್ನು ಅಂಟಿಸಿದರು. ನಡುಕ ಹೆಚ್ಚಾದರೆ ಕೆಂಪು ದೀಪ. ಮೇಸ್ತ್ರಿಗೆ ಮನೆಗೆ ಸವತಿ ಬಂದಷ್ಟು ಉರಿ.

ಒಂದು ಮಧ್ಯಾಹ್ನ ದೊಡ್ಡ ಫ್ಯಾನಿನ ಡಬ್ಬಿಯಲ್ಲಿ ದೀಪ ಹತ್ತಿತು. ಅದನ್ನು ನಡೆಸುತ್ತಿದ್ದವನು ಬೇರೆ ಯಾರೂ ಅಲ್ಲ, ಮೇಸ್ತ್ರಿಯ ಸ್ವಂತ ಅಳಿಯ.

"ಮಾವ, ನಿಲ್ಲಿಸ್ಲಾ?"

ಸುತ್ತ ಜನ ನೋಡುತ್ತಿದ್ದರು. ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿದ. ಏನೂ ಕೇಳಿಸಲಿಲ್ಲ. ಸದ್ದೇ ಇಲ್ಲವೋ, ತನಗೆ ಕೇಳುತ್ತಿಲ್ಲವೋ? ಅನುಮಾನ ಗಂಟಲವರೆಗೂ ಬಂತು, ನುಂಗಿಕೊಂಡ.

"ಡಬ್ಬಿ ಮಾತು ನಂಬ್ತೀರೋ, ಮಾವನ ಮಾತು ನಂಬ್ತೀರೋ? ಓಡ್ಲಿ ಬಿಡಿ."

ಅಳಿಯ ಮರ್ಯಾದಸ್ಥ, ಓಡಲು ಬಿಟ್ಟ. ಸಂಜೆಯೊಳಗೆ ಬೇರಿಂಗ್ ಪುಡಿಯಾಯಿತು. ಮುರಿದ ರೆಕ್ಕೆಯೊಂದು ಕವಚ ಸೀಳಿಕೊಂಡು ಬಂದು ಅಳಿಯನ ಬಲಗೈಯನ್ನು ಮೊಣಕೈವರೆಗೆ ತೆಗೆದುಕೊಂಡು ಹೋಯಿತು.

ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಮಗಳು ಅಪ್ಪನ ಪಕ್ಕ ಕೂತಿದ್ದಳು. ಅವನತ್ತ ತಿರುಗಿ ಕೇಳಿದಳು.

"ಅಮ್ಮ ಎಲ್ಲಾ ಹೇಳಿದ್ಲು. ಕಿವಿ ಕೇಳ್ಸಲ್ಲ ಅಂತ ನಿಮಗೆ ಗೊತ್ತಿತ್ತಲ್ಲಪ್ಪಾ? 'ನಂಗೆ ಗೊತ್ತಾಗ್ತಿಲ್ಲ, ನಿಲ್ಸಿ' ಅಂತ ಒಂದು ಮಾತು ಅಂದಿದ್ರೆ ಏನು ಗಂಟು ಹೋಗ್ತಿತ್ತು?"

ವರಾಂಡದಲ್ಲಿ ಬೇರೆ ಸದ್ದಿರಲಿಲ್ಲ. ಒಂದೊಂದು ಅಕ್ಷರವೂ ಅವನಿಗೆ ಚೆನ್ನಾಗಿ ಕೇಳಿಸಿತು. ಮೇಸ್ತ್ರಿ ನಿಧಾನವಾಗಿ ಅಂಗೈಯನ್ನು ಕಿವಿಯ ಹಿಂದಿಟ್ಟುಕೊಂಡು ಅವಳತ್ತ ಬಾಗಿದ.

"ಏನಂದೆ ಮಗಳೇ? ಕೇಳಿಸ್ಲಿಲ್ಲ."