ಮೂರು ತಿಂಗಳ ಹಿರಿತನ

ಮಹಿಳಾ ಪೊಲೀಸ್ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದು ದೇಶಸೇವೆಯ ಆಸೆಯಿಂದ ಅಲ್ಲ. ಆಗ ನಾನು ಕೊಚ್ಚಿಯ ಕಾಕ್ಕನಾಡಿನ ಒಂದು ಕಂಪನಿಯಲ್ಲಿ ಯಾವುದೋ ದೇಶದವರ ವಿಮೆಯ ಕಾಗದಗಳನ್ನು ಕಂಪ್ಯೂಟರಿಗೆ ತುಂಬಿಸುತ್ತಿದ್ದೆ. ಕಾಸರಗೋಡಿನಿಂದ ಬಂದು ಮೂರು ವರ್ಷವಾಗಿತ್ತು. ಕೇರಳದಲ್ಲಿ ಎಲ್ಲರೂ ಸರ್ಕಾರಿ ಅರ್ಜಿ ತುಂಬುತ್ತಾರೆ, ಪಕ್ಕದ ಕುರ್ಚಿಯವಳೂ ತುಂಬುತ್ತಿದ್ದಳು, ನಾನೂ ತುಂಬಿದೆ. ವಯಸ್ಸಿನ ಮಿತಿ ದಾಟಲು ಕೆಲವೇ ತಿಂಗಳು ಉಳಿದಿತ್ತು. ಲಿಖಿತ ಪರೀಕ್ಷೆ ಪಾಸಾಯಿತು ಎಂದು ತಿಳಿದಾಗ ನನಗಿಂತ ಹೆಚ್ಚು ಆಶ್ಚರ್ಯಪಟ್ಟವರು ಯಾರೂ ಇರಲಿಲ್ಲ.

ಮುಂದಿನದು ದೈಹಿಕ ಪರೀಕ್ಷೆ. ಓಟ, ಜಿಗಿತ, ಗುಂಡು ಎಸೆತ, ಹಗ್ಗ ಜಿಗಿತ ಎಂದು ಎಂಟು ಬಗೆ, ಅದರಲ್ಲಿ ಐದು ಗೆಲ್ಲಬೇಕು. ಕಲೂರಿನ ಒಂದು ಮೈದಾನದಲ್ಲಿ ನಿವೃತ್ತ ಹವಾಲ್ದಾರರೊಬ್ಬರು ಬೆಳಿಗ್ಗೆ ಆರಕ್ಕೆ ಹುಡುಗಿಯರನ್ನು ಓಡಿಸುತ್ತಿದ್ದರು. ಅವರನ್ನು ಎಲ್ಲರೂ ಮಾಷ್, ಅಂದರೆ ಮೇಷ್ಟ್ರು, ಎನ್ನುತ್ತಿದ್ದರು. ನಾನು ಜನ್ಮದಲ್ಲಿ ಬಸ್ಸಿಗೂ ಓಡಿದವಳಲ್ಲ. ಎರಡನೆಯ ದಿನ ಹಗ್ಗ ಕಾಲಿಗೆ ಸುತ್ತಿ ಬಿದ್ದೆ. "ಅಯ್ಯೋ ನನ್ನ ಕರ್ಮವೇ" ಎಂಬ ಮಾತು ಬಾಯಿಂದ ಕನ್ನಡದಲ್ಲೇ ಬಂತು.

ಪಕ್ಕದಲ್ಲಿ ಜಿಗಿಯುತ್ತಿದ್ದ ಒಬ್ಬಳು ನಿಂತಳು. "ಊರು ಎಲ್ಲಿ ಮಾರಾಯ್ತಿ ನಿಂದು?" ಎಂದಳು.

ಅವಳದು ಮಂಜೇಶ್ವರದ ಕಡೆ. ಮಟ್ಟಾಂಚೇರಿಯ ಒಂದು ಮಸಾಲೆ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದಳು. ಬೆಳಗಿನ ಮೊದಲ ಬಸ್ಸಿಗೆ ಕಲೂರಿಗೆ ಬಂದು, ಓಡಿ, ಮೈ ಒರೆಸಿಕೊಂಡು, ಅಲ್ಲಿಂದ ನೇರ ಗೋದಾಮಿಗೆ ಹೋಗುತ್ತಿದ್ದಳು. ಅವಳ ಬೆವರಿಗೂ ಒಣಶುಂಠಿಯ ವಾಸನೆ ಇರುತ್ತಿತ್ತು. ಅವಳಿಗೆ ಪೊಲೀಸ್ ಆಗಲೇಬೇಕಿತ್ತು. ನನ್ನಂತೆ ಆದರೆ ಆಗಲಿ ಎಂದಲ್ಲ. ಪ್ರಾಥಮಿಕ ಶಾಲೆಯಿಂದಲೂ ಅದನ್ನೇ ಹೇಳಿಕೊಂಡು ಬಂದಿದ್ದಳಂತೆ. ಅವಳಿಗೂ ಇದು ಕೊನೆಯ ಅವಕಾಶ. ನಾವಿಬ್ಬರೂ ಒಂದೇ ವರ್ಷ ಹುಟ್ಟಿದವರು.

ನನಗೆ ಹಗ್ಗ ಜಿಗಿಯಲು ಕಲಿಸಿದ್ದು ಅವಳು. ಮಾಷ್ "ಓಡು ಮೋಳೇ" ಎಂದು ಮಗಳನ್ನು ಕರೆದಂತೆ ಕೂಗುವುದಷ್ಟೇ, ಕಲಿಸುವ ತಾಳ್ಮೆ ಅವರಿಗಿರಲಿಲ್ಲ. "ಕಾಲು ನೋಡ್ಬೇಡ, ನನ್ನ ಮುಖ ನೋಡು" ಎಂದು ಅವಳು ಎದುರು ನಿಂತು ಎಣಿಸುತ್ತಿದ್ದಳು. ಪರೀಕ್ಷೆಯ ದಿನ ನಾನು ಗೆದ್ದ ಐದರಲ್ಲಿ ಐದನೆಯದು ಹಗ್ಗ. ಅದು ಇಲ್ಲದಿದ್ದರೆ ನಾನು ಅಲ್ಲಿಗೇ ಮುಗಿಯುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ರ‍್ಯಾಂಕ್ ಪಟ್ಟಿ ಬಂದಾಗ ಇಬ್ಬರಿಗೂ ಒಂದೇ ಅಂಕ. ಅಂಕ ಸಮವಾದರೆ ವಯಸ್ಸಿನಲ್ಲಿ ದೊಡ್ಡವರನ್ನು ಮೇಲೆ ಹಾಕುವುದು ನಿಯಮ. ನಾನು ಅವಳಿಗಿಂತ ಮೂರು ತಿಂಗಳು ಮೊದಲು ಹುಟ್ಟಿದ್ದೆ. ಹಾಗಾಗಿ ನನ್ನ ಹೆಸರು, ಅದರ ಕೆಳಗಿನ ಸಾಲಿನಲ್ಲಿ ಅವಳ ಹೆಸರು. ಅವತ್ತಿನಿಂದ ಅವಳು ನನ್ನನ್ನು ತಮಾಷೆಗೆ ಅಕ್ಕ ಎಂದು ಕರೆಯತೊಡಗಿದಳು. ಬಹುವಚನ ಬೇಕಾ ಅಕ್ಕ ಎಂದೂ ಕೇಳುತ್ತಿದ್ದಳು.

ಪಟ್ಟಿಗೆ ಒಂದು ವರ್ಷದ ಆಯುಸ್ಸು. ಅಷ್ಟರೊಳಗೆ ಖಾಲಿಯಾದ ಹುದ್ದೆಗಳಿಗೆ ಮೇಲಿನಿಂದ ಒಬ್ಬೊಬ್ಬರನ್ನೇ ಕರೆಯುತ್ತಾರೆ. ವರ್ಷ ಮುಗಿದ ದಿನ ಪಟ್ಟಿ ಸತ್ತ ಹಾಗೆ, ಉಳಿದವರಿಗೆ ಅದು ಬರೀ ಕಾಗದ. ಅದಕ್ಕೇ ಕೆಳಗಿರುವವರು ಮೇಲಿರುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಬೇರೆ ಕೆಲಸ ಸಿಕ್ಕಿದವರು, ಮದುವೆಯಾಗಿ ಹೊರದೇಶಕ್ಕೆ ಹೋದವರು, ಎಲ್ಲರ ಬಾಗಿಲು ತಟ್ಟಿ, ಈ ಹುದ್ದೆ ನನಗೆ ಬೇಡ ಎಂದು ಬರೆಸಿಕೊಳ್ಳುತ್ತಾರೆ. ಒಬ್ಬ ಅಧಿಕಾರಿಯ ಮುದ್ರೆ ಹಾಕಿಸಿ ಆ ಕಾಗದ ಕೊಟ್ಟರೆ ಆ ಜಾಗ ಕೆಳಗಿನವರಿಗೆ ಹೋಗುತ್ತದೆ. ಇಲ್ಲಿ ಇದರಲ್ಲಿ ನಾಚಿಕೆಯೇನೂ ಇಲ್ಲ. ಕೇಳುವವರು ಕೇಳುತ್ತಾರೆ, ಕೊಡುವವರು ಚಹಾ ಕುಡಿಸಿ ಕೊಡುತ್ತಾರೆ.

ಪಟ್ಟಿ ಬಂದ ಐದು ತಿಂಗಳಿಗೆ ನನಗೆ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಹೋದೆ. ಅಲ್ಲಿಗೆ ಹೋದ ಮೇಲೆ ನನಗೆ ಏನಾಯಿತೋ ಸರಿಯಾಗಿ ಹೇಳಲಾರೆ. ದುಃಖ ಎನ್ನಲು ಕಾರಣವೇ ಇರಲಿಲ್ಲ. ಬೆಳಿಗ್ಗೆ ಪುಟ್ಟು ಕಡಲೆ ತಿನ್ನುತ್ತಿದ್ದೆ, ಬಸ್ಸು ಹತ್ತುತ್ತಿದ್ದೆ, ಕಡತ ಕಟ್ಟುತ್ತಿದ್ದೆ, ಕೋಣೆಗೆ ಬಂದು ಫ್ಯಾನ್ ನೋಡುತ್ತಾ ಮಲಗುತ್ತಿದ್ದೆ. ಮನಸ್ಸು ಮರಗಟ್ಟಿತ್ತು. ಹಲ್ಲು ಕೀಳಿಸಿಕೊಂಡ ಮೇಲೆ ತುಟಿ ಯಾರದ್ದೋ ಅನಿಸುತ್ತದಲ್ಲ, ದಿನಗಳು ಹಾಗಿದ್ದವು.

ಪಟ್ಟಿ ಮುಗಿಯಲು ಒಂದು ತಿಂಗಳಿದ್ದಾಗ ಅದರಲ್ಲಿ ಉಳಿದ ಹುಡುಗಿಯರೆಲ್ಲ ತಿರುವನಂತಪುರಕ್ಕೆ ಬಂದು ಸೆಕ್ರೆಟೇರಿಯಟ್ ಎದುರಿನ ಫುಟ್‌ಪಾತಿನಲ್ಲಿ ಧರಣಿ ಕೂತರು. ಮಂಡಿಯೂರಿ ತೆವಳಿದರು, ಕೂದಲು ಕತ್ತರಿಸಿಕೊಂಡರು. ಅವರನ್ನು ಕಾಯಲು ನಿಂತ ಮಹಿಳಾ ಪೊಲೀಸರಲ್ಲಿ ಕೆಲವರು ಅದೇ ಪಟ್ಟಿಯ ಮೇಲಿನ ಸಾಲಿನವರು. ಅವಳೂ ಗೋದಾಮಿಗೆ ರಜೆ ಹಾಕಿ ಧರಣಿಗೆ ಬಂದಿದ್ದಳು. ಊಟದ ಬಿಡುವಿನಲ್ಲಿ ನೋಡಲು ಹೋದೆ. ಮಂಡಿಗೆ ಬಟ್ಟೆ ಸುತ್ತಿಕೊಂಡು ಫ್ಲೆಕ್ಸಿನ ಮೇಲೆ ಕೂತಿದ್ದಳು. ನಾನು ಇಸ್ತ್ರಿ ಮಾಡಿದ ಚೂಡಿದಾರದಲ್ಲಿ, ಕುತ್ತಿಗೆಗೆ ಕಚೇರಿಯ ಗುರುತಿನ ಚೀಟಿ ಹಾಕಿಕೊಂಡು ಎದುರು ನಿಂತಿದ್ದೆ.

"ಅಕ್ಕ, ಒಂದು ವಿಷಯ ಕೇಳ್ಲಾ?" ಎಂದಳು. "ನಿಂಗೆ ಇದು ಬೇಡ ಅಲ್ವಾ? ಬೇಡ ಅಂತಾದ್ರೆ ಆ ಕಾಗದ ಒಂದು ಬರ್ದು ಕೊಡ್ತೀಯಾ?"

"ಅಯ್ಯೋ, ಅದಕ್ಕೆಂತ, ಕೊಡ್ತೇನೆ" ಎಂದೆ.

"ಬೇಜಾರಿಲ್ಲ ಅಲ್ವಾ?"

"ಎಂತ ಬೇಜಾರು ಮಾರಾಯ್ತಿ. ಈ ವಾರವೇ ಮಾಡ್ತೇನೆ."

ನಮೂನೆಯನ್ನು ಅವತ್ತೇ ಪ್ರಿಂಟ್ ತೆಗೆದೆ. ಮುದ್ರೆ ಹಾಕುವ ಅಧಿಕಾರಿ ನನ್ನ ಮೇಜಿನಿಂದ ಹದಿನೈದು ಹೆಜ್ಜೆ ದೂರದಲ್ಲಿ ಕೂರುತ್ತಿದ್ದರು, ಒಳ್ಳೆಯವರು, ಕೇಳಿದ ಕೂಡಲೇ ಒತ್ತಿ ಕೊಡುತ್ತಿದ್ದರು. ಕಾಗದ ಡ್ರಾಯರಿನಲ್ಲಿತ್ತು. ವಾರ ಕಳೆಯಿತು. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಎರಡೂ ಕೈಯಲ್ಲಿ ಉಂಟಲ್ಲ, ಒಂದು ಎಂತಕ್ಕೆ ಬಿಡುದು? ಬಿಟ್ರೆ ಮತ್ತೆ ಬರ್ತದಾ?" ಎಂದರು. ಆದರೆ ತಪ್ಪನ್ನು ಅಮ್ಮನ ತಲೆಗೆ ಕಟ್ಟುವುದು ಸರಿಯಲ್ಲ. ಅಮ್ಮ ಹೇಳದಿದ್ದರೂ ನಾನು ಸಹಿ ಹಾಕುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಆ ಕೆಲಸ ನನಗೆ ಬೇಕಿರಲಿಲ್ಲ. ಆದರೆ ಪಟ್ಟಿಯಲ್ಲಿ ನನ್ನದೊಂದು ನಂಬರು ಇತ್ತು. ಮೈಬಗ್ಗಿಸಿ ನಾನು ಗೆದ್ದದ್ದು ಬದುಕಿನಲ್ಲಿ ಅದೊಂದೇ. ಕಡತ ಕಟ್ಟುವಾಗ ಆ ನಂಬರು ನೆನೆಸಿಕೊಂಡರೆ ಸ್ವಲ್ಪ ಬೆನ್ನು ನೇರವಾಗುತ್ತಿತ್ತು. ಬೇಡ ಎಂದು ಬರೆದುಕೊಟ್ಟರೆ ನಾನು ಬರೀ ಗುಮಾಸ್ತೆ. ಇದು ಸಣ್ಣತನ, ಗೊತ್ತು. ಆಗ ಅದಕ್ಕೆ ಬೇರೆ ವೇಷ ಹಾಕಿದ್ದೆ. ಹುದ್ದೆ ಬಂದರೆ ಇಬ್ಬರಿಗೂ ಬರುತ್ತದೆ, ಬಾರದಿದ್ದರೆ ಇಬ್ಬರಿಗೂ ಇಲ್ಲ, ನನ್ನ ಒಂದು ಸಹಿಯಿಂದ ಏನಾಗುತ್ತದೆ ಎಂದುಕೊಂಡಿದ್ದೆ. ಸರಿಯಾಗಿ ನನ್ನ ಹೆಸರಿಗೆ ಬಂದು ನಿಲ್ಲಬಹುದು ಎಂದು ಯೋಚಿಸಲಿಲ್ಲ. ಅಥವಾ ಯೋಚಿಸಿದ್ದೆ, ಬದಿಗಿಟ್ಟಿದ್ದೆ.

ಅವಳು ಇನ್ನೊಂದೇ ಸಲ ಮೆಸೇಜ್ ಮಾಡಿದಳು. "ಅಕ್ಕ, ನೆನಪುಂಟಲ್ಲ?" ನಾನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದೆ.

ಕೊನೆಯ ದಿನ ಸಂಜೆ ಒಂದಷ್ಟು ಹುದ್ದೆಗಳಿಗೆ ಹೆಸರು ಕರೆದರು. ಕರೆದ ಕೊನೆಯ ಹೆಸರು ನನ್ನದು. ಪಟ್ಟಿ ಅಲ್ಲಿಗೆ ಮುಗಿಯಿತು. ನಾನು ಸೇರದಿದ್ದರೆ ಆ ಜಾಗ ಮುಂದಿನ ಪಟ್ಟಿಯವರಿಗೆ, ಅವಳಿಗಲ್ಲ. ಸುದ್ದಿ ಓದಿದಾಗ ಬಸ್ಸಿನಲ್ಲಿದ್ದೆ. ಅಳು ಬರಲಿಲ್ಲ. ನನ್ನ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಇಳಿದೆ, ಅಷ್ಟೇ.

ನೇಮಕದ ಕಾಗದ ಅಂಚೆಯಲ್ಲಿ ಬಂದ ವಾರ ಅವಳೇ ಫೋನ್ ಮಾಡಿದಳು. ಹಿಂದೆ ಗೋದಾಮಿನ ಗದ್ದಲ ಕೇಳುತ್ತಿತ್ತು.

"ಸೇರ್ತೀಯಾ ಅಕ್ಕ?"

"ಇಲ್ಲ" ಎಂದೆ.

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಕ್ಷಮಿಸು ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವಳೇ ಮಾತಾಡಿದಳು. "ಆ ಕಾಗದ ಬಂತಲ್ಲ, ಅದರದ್ದೊಂದು ಫೋಟೋ ಕಳಿಸ್ತೀಯಾ? ಹೇಗಿರ್ತದೆ ಅಂತ ಒಮ್ಮೆ ನೋಡ್ಬೇಕು."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಆಯ್ತು ಎಂದು ಫೋನಿಟ್ಟು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನನ್ನ ಹೆಸರಿರುವ ಜಾಗವನ್ನು ಹೆಬ್ಬೆರಳಿನಿಂದ ಮುಚ್ಚಿ ಫೋಟೋ ತೆಗೆದು ಕಳಿಸಿದೆ.