ಒಂದು ಬಾಟಲಿ ಔಡಲೆಣ್ಣೆ

ಔಡಲ ಬೀಜ ಹುರಿಯುವ ವಾಸನೆ ಈಗ ಎಲ್ಲಿದೆ? ಮೊನ್ನೆ ಇಂಡಿ ಪಟ್ಟಣದ ಸಂತೆ ಮುಗಿಸಿ ಹೊರಳಿ ಬರುವಾಗ ಯಾರದೋ ಹಿತ್ತಲಿನಿಂದ ಅದು ತೇಲಿ ಬಂತು. ದಪ್ಪನೆಯ, ಸುಟ್ಟ ಕಾಳಿನ, ಗಂಟಲಿಗೆ ಮೆತ್ತಿಕೊಳ್ಳುವ ವಾಸನೆ. ಕೈಯಲ್ಲಿದ್ದ ಚೀಲ ಇಳಿಸಿ ನಿಂತುಬಿಟ್ಟೆ. ತಾಂಬಾದ ಆಚೆಗಿದ್ದ ನಮ್ಮ ಊರು, ಮಣ್ಣಿನ ಮಾಳಿಗೆಯ ಆ ಮನೆ, ಒಳಗೆ ಕಾಲಿಟ್ಟರೆ ಮೊದಲು ದನದ ಕೊಟ್ಟಿಗೆ, ಅದರ ಮೇಲಿನ ಕಟ್ಟೆಗೆ ಪಡಸಾಲೆ, ಎಲ್ಲ ಒಮ್ಮೆಲೇ ಎದ್ದು ಬಂದವು. ಆ ಮನೆ ಇದ್ದ ಜಾಗದ ಮೇಲೆ ಇವತ್ತು ದೊಡ್ಡ ರಸ್ತೆ ಹಾದುಹೋಗಿದೆ. ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಹಿತ್ತಲಲ್ಲಿ ಕೂತು ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಮೆಲ್ಲಗೆ ತೆಗೆಯುತ್ತಿದ್ದಳು. ಹೊಟ್ಟೆ ಸ್ವಚ್ಛವಾಗಲೆಂದು ಆಗಾಗ ಬಿಸಿ ಚಹಾದಲ್ಲಿ ಬೆರೆಸಿ ನಮಗೆ ಕುಡಿಸುತ್ತಿದ್ದಳು. ಆ ದಿನ ನಾವು ಮಕ್ಕಳೆಲ್ಲ ಮಾಳಿಗೆ ಹತ್ತಿ ಅಡಗುತ್ತಿದ್ದೆವು. ಆದರೆ ನಮಗಿಂತ ಮೊದಲು ಮನೆ ಬಿಡುತ್ತಿದ್ದವನು ಮುತ್ಯಾ, ನಮ್ಮ ಅಜ್ಜ. ಮಕ್ಕಳ ಬಾಯಿಗೆ ಆ ಬಟ್ಟಲು ಹಿಡಿಯುವುದನ್ನು ಅವನು ನೋಡಲಾರ. ತಲೆಗೆ ಪಟಕಾ ಸುತ್ತಿಕೊಂಡು ಸುಮ್ಮನೆ ಹೊಲಕ್ಕೆ ಹೋಗಿಬಿಡುವನು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಮುತ್ಯಾ ಹಿಂದೆ ಲಡಾಯಿಗೆ ಹೋಗಿ ಬಂದವನು ಎಂಬುದಷ್ಟೇ ನಮಗೆ ಗೊತ್ತಿತ್ತು.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಆ ಸಂಗತಿ ನಡೆಯಿತು. ನಮ್ಮ ಸಾಲಿಯ ಮಾಸ್ತರರು ಮುದ್ದೇಬಿಹಾಳದ ಕಡೆಯವರು, ಒಂಟಿ ಮನುಷ್ಯ, ಮೆಲುದನಿಯವರು. ಸರಕಾರಿ ಬಾವಿಯ ನೀರು ಊರಿನ ಎಲ್ಲ ಕೇರಿಯವರಿಗೂ ಸಿಗಬೇಕೆಂದು ಅವರು ಸಭೆಯಲ್ಲಿ ಎದ್ದು ನಿಂತು ಹೇಳಿದರು. ಊರಿನ ದೊಡ್ಡ ಮನೆತನದ ಹುಡುಗರು ಕೊರಳಿಗೆ ಒಂದೇ ಬಣ್ಣದ ವಸ್ತ್ರ ಕಟ್ಟಿಕೊಂಡು ಗುಂಪಾಗಿ ತಿರುಗುವುದು ಆಗ ಹೊಸದಾಗಿ ಸುರುವಾಗಿತ್ತು. ಅವರು ಮರುದಿನ ಮಾಸ್ತರರನ್ನು ಹಿಡಿದು, ಮುಖಕ್ಕೆ ಮಸಿ ಬಳಿದು, ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಹಲಗೆ ಬಾರಿಸುತ್ತ ತಂದರು. ಓಣಿಯ ತುಂಬ ನಗು. ಮಾಸ್ತರರು ಕಣ್ಣು ಮುಚ್ಚಿಕೊಂಡಿದ್ದರು. ಹೊಲದಿಂದ ಬರುತ್ತಿದ್ದ ಮುತ್ಯಾ ನೇರ ನಡೆದು ಹೋಗಿ ಕತ್ತೆಯ ಹಗ್ಗ ಹಿಡಿದ.

"ಇಳೀರಿ ಮಾಸ್ತರ," ಎಂದ.

"ಬದಿಗಿ ಸರೀ ಮುತ್ಯಾ, ಬರೇ ಚ್ಯಾಷ್ಟಿ ಐತಿ ಇದು," ಎಂದ ಮುಂದಿದ್ದ ಹುಡುಗ, ನಗುತ್ತಲೇ.

"ಹೌದಪಾ, ಚ್ಯಾಷ್ಟೀನ. ಅದು ಎಲ್ಲಿಗಿ ಹೋಗಿ ಮುಟ್ಟತೈತಿ, ನಾ ಕಣ್ಣಾರೆ ನೋಡಿ ಬಂದೇನಿ."

ಅವನ ದನಿ ಏರಲಿಲ್ಲ. ಹಲಗೆ ಮಾತ್ರ ನಿಂತಿತು. ಮಾಸ್ತರರ ಕೈಹಿಡಿದು ಮನೆಗೆ ಕರೆತಂದ. ಆಯಿ ಬಿಸಿನೀರು ಕಾಸಿ ಕೊಟ್ಟಳು.

ಆ ಸಂಜೆ ಪಡಸಾಲೆಯಲ್ಲಿ, ಮಾಸ್ತರರ ಎದುರಿಗೆ, ಮುತ್ಯಾ ಮೊದಲ ಸಲ ಬಾಯಿ ಬಿಟ್ಟ. ದಂಡಿನಲ್ಲಿ ಲಾರಿ ನಡೆಸುತ್ತಿದ್ದವನು ಆಫ್ರಿಕಾದ ಮರಳುಗಾಡಿನಲ್ಲಿ ಸೆರೆಸಿಕ್ಕು ಇಟಲಿಗೆ ಹೋಗಿದ್ದನಂತೆ. ಅಲ್ಲಿಯ ಸರಕಾರ ಶರಣಾದಾಗ ಕಾವಲಿನವರು ಓಡಿಹೋದರು. ಇವನು ಗುಡ್ಡ ಹತ್ತಿದ. ಒಬ್ಬ ಮುದುಕಿ ತನ್ನ ಕೊಟ್ಟಿಗೆಯಲ್ಲಿ ಹುಲ್ಲಿನ ಹಿಂದೆ ಇಡೀ ಚಳಿಗಾಲ ಅವನನ್ನು ಬಚ್ಚಿಟ್ಟಳು. ಅಷ್ಟರಲ್ಲಿ ಜರ್ಮನ್ನರು ಆ ನಾಡನ್ನು ಹಿಡಿದಿದ್ದರು. ಸೆರೆಯಾಳುಗಳಿಗೆ ಆಸರೆ ಕೊಟ್ಟವರನ್ನು ಗುಂಡಿಕ್ಕಿ ಕೊಲ್ಲುವುದಾಗಿ ಸಾರಿದ್ದರು. ಹಾಲು ಹಿಂಡುತ್ತ ಅವಳು ತನ್ನ ಕತೆ ಹೇಳುತ್ತಿದ್ದಳು, ಇವನು ಅವಳ ಮಾತು ಕಲಿತ.

"ಆಕಿ ಗಂಡ ಕೂಲಿಯವರ ಸಂಘ ಕಟ್ಟಿದ್ದನಂತ," ಮುತ್ಯಾ ಹೇಳಿದ. "ಕರಿ ಅಂಗಿ ಹಾಕ್ಕೊಂಡು ಆ ಊರ ಹುಡುಗರ ಬಂದ್ರು. ಅಂವನ್ನ ಚೌಕಿನಾಗ ಕುರ್ಚಿಗಿ ಕಟ್ಟಿ, ಬಾಯಾಗ ಒಂದು ಬಾಟ್ಲಿ ಔಡಲೆಣ್ಣಿ ಸುರುವಿದ್ರು. ಮಂದಿ ಎದುರಿಗೇ ಅರಿವಿ ಹೊಲಸಾತು. ಎಲ್ಲಾರೂ ನಕ್ಕರು. ನಕ್ಕಾವರಿಗಿ ಮರುವರ್ಷ ನಗಾಕ ಅಂಜಿಕಿ ಬಂತು. ಆಮ್ಯಾಲ ಸಂಘ ಇಲ್ಲ, ಪತ್ರಿಕಾ ಇಲ್ಲ, ಆ ಕರಿ ಅಂಗಿಯವರ ನಾಯಕ ಒಬ್ಬಂವ ಹೇಳಿದ್ದ ಖರೆ. ಸಾಲಿ ಹುಡುಗರ ಕೈಯಾಗ ಕಟಗಿ ಬಂದೂಕ. ಹುಡುಗರು ದೊಡ್ಡವರಾದ್ರು, ಖರೇ ಬಂದೂಕ ಕೊಟ್ಟು ಅಬಿಸೀನಿಯಾ ದೇಶ ಗೆಲ್ಲಾಕ ಕಳಿಸಿದ್ರು. ಜರ್ಮನಿಯಾಗ ಅಂಥವನ ಇನ್ನೂ ದೊಡ್ಡಂವ ಎದ್ದಿದ್ದ, ಇಬ್ಬರೂ ಕೈ ಕೂಡಿಸಿದ್ರು. ಆಕಿ ಮಗ ರಶಿಯಾದ ಹಿಮದಾಗ ಹ್ವಾದ. ಆ ಬಾಟ್ಲಿ ಎಣ್ಣಿ ಹರದು ಹರದು ನಮ್ಮೂರಿಗಿ ಬಂದು ನನ್ನ ಎಳಕೊಂಡು ಹೋತು, ಮಾಸ್ತರ."

ನಾನು ಆಯಿಯ ತೊಡೆಗೆ ಒರಗಿ ಕೇಳುತ್ತಿದ್ದೆ. ನಮ್ಮ ಹಿತ್ತಲಲ್ಲಿ ಬೆಳೆಯುವ ಗಿಡದ ಎಣ್ಣೆ, ಸಮುದ್ರದಾಚೆಯ ಒಂದು ಚೌಕ, ಹತ್ತಿ ಉರಿದ ಅಷ್ಟು ದೇಶಗಳು, ಅವುಗಳ ನಡುವೆ ಹುಲ್ಲಿನಲ್ಲಿ ಉಸಿರು ಹಿಡಿದು ಕೂತ ನಮ್ಮ ಮುತ್ಯಾ! ಜಗತ್ತು ಅಷ್ಟು ದೊಡ್ಡದೆಂದೂ, ಅಷ್ಟು ಹತ್ತಿರದ್ದೆಂದೂ ಅಂದೇ ನನಗೆ ತಿಳಿದದ್ದು. ಮಾಸ್ತರರು ಕೇಳಿದರು, "ಜೀವದ ಮ್ಯಾಲಿನ ಆಶಾ ಬಿಟ್ಟು ಆಕಿ ನಿಮ್ಮನ್ನ ಯಾಕ ಇಟ್ಕೊಂಡ್ಳ್ರಿ?"

"ನಾನೂ ಕೇಳಿದ್ನಿ. 'ಗಂಡನ್ನ ಕುರ್ಚಿಗಿ ಕಟ್ಟಿದ ದಿನ ಮನಿಮನಿ ಬಾಗಲಾ ಬಡದ್ನಿ, ಒಬ್ಬರೂ ತಗೀಲಿಲ್ಲ. ಅದಕ್ಕ ನಾ ತಗೀತೇನಿ' ಅಂದ್ಳು."

ಮರುದಿನ ಮುಂಜಾನೆ ಆ ಹುಡುಗರು ನಮ್ಮ ಬಾಗಿಲಿಗೆ ಬಂದು ಮಾಸ್ತರರನ್ನು ಹೊರಗೆ ಕಳಿಸಲು ಹೇಳಿದರು. ಮುತ್ಯಾ ಹೊಸ್ತಿಲಲ್ಲಿ ನಿಂತು, "ರೊಟ್ಟಿ ತಿನ್ನಾಕ ಕುಂತಾರ. ನೀವೂ ಬರ್ರಿ, ಕೈ ತೊಳ್ಕೊಳ್ರಿ," ಎಂದ. ಅವರು ಅತ್ತಿತ್ತ ನೋಡಿ ಹೊರಟುಹೋದರು. ಆಮೇಲೆ ಮುತ್ಯಾ ಮಾಸ್ತರರ ಜೊತೆ ಸಾಲಿಯ ತನಕ ನಡೆದ. ನಾನು ಹಿಂದೆಯೇ ಇದ್ದೆ. ಊರ ಅಗಸಿ ಬಾಗಿಲು ದಾಟುವಾಗ ಬಡಿಗ್ಯಾರ ಕಾಕಾ ಕೆಲಸ ಬಿಟ್ಟು ಬಂದು ಕೂಡಿಕೊಂಡ, ಮುಂದೆ ಇನ್ನೊಬ್ಬರು, ಮತ್ತೊಬ್ಬರು. ಹಿಂದಿನ ದಿನ ನಕ್ಕವರೂ ಅವರಲ್ಲಿದ್ದರು. ಬಾವಿಯ ಹಗ್ಗ ಎಲ್ಲ ಕೇರಿಯವರ ಕೈಗೆ ಸಿಗಲು ಮತ್ತೆ ಎರಡು ಬೇಸಿಗೆ ಬೇಕಾದವು, ಆದರೆ ಸಿಕ್ಕಿತು.

ಮುತ್ಯಾ ಹೋದದ್ದು ನಾನು ಕಾಲೇಜಿನಲ್ಲಿದ್ದಾಗ. ಕೊನೆಯ ದಿನಗಳಲ್ಲಿ ನಮ್ಮ ಹೆಸರುಗಳೆಲ್ಲ ಅವನಿಗೆ ಮರೆತುಹೋಗಿದ್ದವು. ಪಡಸಾಲೆಯ ಹಾಸಿಗೆಯಲ್ಲಿ ಮಲಗಿ, ನಾವು ಯಾರೂ ಅರಿಯದ ಆ ಮುದುಕಿಯ ದೇಶದ ಮಾತಿನಲ್ಲಿ, ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ ಮೆಲ್ಲಗೆ ಮಾತಾಡುತ್ತಿದ್ದ. ನಡುನಡುವೆ ನಿಂತು ಉತ್ತರಕ್ಕೆ ಕಾಯುತ್ತಿದ್ದ. ನಾವು ಮುಖ ಮುಖ ನೋಡಿಕೊಂಡೆವು. ಆಯಿ ಮಾತ್ರ ಅವನ ತಲೆ ಸವರುತ್ತ, ಒಂದಕ್ಷರ ತಿಳಿಯದಿದ್ದರೂ, ಅವನು ನಿಂತಲ್ಲೆಲ್ಲ "ಹೂಂ, ಹೂಂ, ನಾ ಇಲ್ಲೇ ಅದೀನಿ," ಎನ್ನುತ್ತಿದ್ದಳು. ಅದನ್ನು ಕೇಳಿ ಅವನು ಮತ್ತೆ ಮುಂದುವರಿಸುತ್ತಿದ್ದ.