ಸುಲೋಚನಾ ಡಾಕ್ಟ್ರಮ್ಮನ ಸಹಿ

ಡಾಕ್ಟರ್ ಸುಲೋಚನಾ ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಪ್ರಶ್ನೆ ಕೇಳುತ್ತಿದ್ದರು. ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ. ಇನ್ನೊಮ್ಮೆ ಹೇಳಿ ಎನ್ನುವ ಧೈರ್ಯ ನನಗಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸತು. ಹೆರಿಗೆ ವಿಭಾಗದಲ್ಲಿ ಪಿ.ಜಿ. ಓದುತ್ತಿದ್ದ ನನ್ನನ್ನು ಕಾಲೇಜಿನವರು ಕೊಪ್ಪದ ಬಳಿಯ ಡಾಕ್ಟ್ರಮ್ಮನ ಸಣ್ಣ ಆಸ್ಪತ್ರೆಗೆ ತರಬೇತಿಗೆ ಕಳಿಸಿದ್ದರು. ಕೈಯಲ್ಲೊಂದು ಲಾಗ್‌ಬುಕ್. ನೋಡಿದ ಕೇಸು, ನೆರವಾದ ಕೇಸು, ನಾನೇ ಮಾಡಿದ ಕೇಸು ಎಂದು ಅದರಲ್ಲಿ ಕಾಲಂಗಳು; ಪ್ರತಿಯೊಂದಕ್ಕೂ ಹಿರಿಯರ ಸಹಿ. ನಿಗದಿಯಷ್ಟು ಸಿಸೇರಿಯನ್ ತುಂಬದಿದ್ದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ.

ಬೇರೆಡೆ ಇಡೀ ತಿಂಗಳಿನದಕ್ಕೆ ಒಂದೇ ಸಲ ಸಹಿ ಬೀಳುತ್ತಿತ್ತು. ಇವರು ಒಂದೊಂದೇ ಸಾಲಿನ ಮೇಲೆ ಬೆರಳಿಡುತ್ತಿದ್ದರು. “ಜಯಪುರದ ಸವಿತಾ ಹೊಲಿಗೆ ಹಾಕಿಸ್ಕೊಂಡು ಹೋದ್ಲಲ್ಲ, ಈಗ ಕೂರ್ಲಿಕ್ಕೆ ಆಗ್ತದಾ ಅವಳಿಗೆ?” ನನಗೆ ಗೊತ್ತಿರಲಿಲ್ಲ. “ಹಾಗಾದ್ರೆ ಕೇಸು ಮುಗೀಲಿಲ್ಲ ಮಾರಾಯ್ತಿ. ಬಸ್ಸಿದೆ, ಹೋಗಿ ನೋಡ್ಕೊಂಡು ಬಾ.” ಹೋದೆ. ಸವಿತಾ ಕಾಫಿ ಕೊಟ್ಟು, ನಿಂತುಕೊಂಡೇ ಮಾತಾಡಿದಳು. ಹೊಲಿಗೆ ಕೀವಾಗಿತ್ತು. ಅವಳನ್ನು ಜೊತೆಯಲ್ಲೇ ಕರೆತಂದೆ.

ಆದರೆ ಸಿಸೇರಿಯನ್ ಮಾತ್ರ ತುಂಬಲಿಲ್ಲ. ಅರಿವಳಿಕೆ ಕೊಡುವ ಡಾಕ್ಟರು ಶಿವಮೊಗ್ಗದಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಹೆರಿಗೆ ನೋವಿಗೆ ವಾರ ಗೊತ್ತಾಗುತ್ತದೆಯೇ? ಉಳಿದ ದಿನ ಬಂದವರನ್ನು ಜೀಪಿನಲ್ಲಿ ಮುಂದಕ್ಕೆ ಕಳಿಸಬೇಕು.

ಅಡ್ಡಗದ್ದೆಯ ಗಿರಿಜಾ ಬಂದದ್ದು ಅಂಥ ಒಂದು ಬೆಳಿಗ್ಗೆ. ಚೊಚ್ಚಲು. ಮಗುವಿನ ಎದೆಬಡಿತ ನಿಧಾನವಾಗುತ್ತಿತ್ತು. ಡಾಕ್ಟ್ರಮ್ಮ ಶಿವಮೊಗ್ಗಕ್ಕೆ ಫೋನು ಮಾಡಿದರು, ಬೇಡಿಕೊಂಡರು, ಬೈದರು. ಕೊನೆಗೆ ರಿಸೀವರ್ ಇಟ್ಟು ನನ್ನತ್ತ ತಿರುಗಿ, “ನೀನೂ ಹೋಗು” ಎಂದರು.

ಜೀಪಿನ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ನರಸಿಂಹರಾಜಪುರದ ಹತ್ತಿರ ನಿಲ್ಲಿಸಲು ಹೇಳಿ, ಗಿರಿಜಾಳ ಹೊಟ್ಟೆಗೆ ಮಗುವಿನ ಎದೆಬಡಿತ ಕೇಳುವ ಕೊಳವೆಯೊತ್ತಿ ಕಿವಿಯಿಟ್ಟೆ. ಜಾಗ ಬದಲಿಸಿ ಬದಲಿಸಿ ಕೇಳಿದೆ. “ಎಂತ ಕೇಳ್ತದೆ ಡಾಕ್ಟ್ರೇ?” ಎಂದು ಅವಳೇ ಕೇಳಿದಳು. ನಾನು ಡ್ರೈವರಿಗೆ ಹೊರಡಲು ಹೇಳಿದೆ. ಶಿವಮೊಗ್ಗದಲ್ಲಿ ಅವಳು ಉಳಿದಳು, ಮಗು ಉಳಿಯಲಿಲ್ಲ.

ವಾಪಸು ಬಂದು ಹೇಳಿದಾಗ ಡಾಕ್ಟ್ರಮ್ಮ ತಮ್ಮ ಅಂಗೈಗಳನ್ನೇ ನೋಡಿಕೊಂಡರು. “ಕತ್ತರಿ ಇತ್ತು, ಕೈ ಇತ್ತು. ಎಂತ ಮಾಡೂದು ಹೇಳು.” ಆಮೇಲೆ, “ಬರಿ ನಿನ್ನ ಪುಸ್ತಕದಲ್ಲಿ.”

“ನಾವು ಮಾಡಿದ್ದಲ್ವಲ್ಲ ಮೇಡಂ, ಲೆಕ್ಕಕ್ಕೆ ಬರೋದಿಲ್ಲ.”

“ಗೊತ್ತು. ಆದ್ರೂ ಬರಿ.”

ಅವಧಿ ಮುಗಿಯುವಾಗ ನನ್ನ ಸಿಸೇರಿಯನ್ ಕಾಲಂ ಅರ್ಧ ಖಾಲಿ. ಯಾರ್‍ಯಾರದೋ ಹೆಸರು ತುಂಬಿಸಿ ಸಹಿ ತೆಗೆದುಕೊಂಡು ಬಾ ಎಂದು ಕಾಲೇಜಿನಿಂದಲೇ ಸೂಚನೆ ಬಂತು. ನಾನು ಅದನ್ನು ಹೇಳಿದಾಗ ಡಾಕ್ಟ್ರಮ್ಮ ಪೆನ್ನು ತೆಗೆದರು, ಮತ್ತೆ ಜೇಬಿಗೆ ಸಿಕ್ಕಿಸಿದರು. “ಕೈ ಬರೂದಿಲ್ಲ ಮಾರಾಯ್ತಿ. ನಾಳೆ ಕಾಲೇಜಿಗೆ ನಾನೇ ಬರ್ತೇನೆ, ಮಾತಾಡ್ತೇನೆ.”

ಬಂದರು. ಒಳ್ಳೆಯ ಸೀರೆಯುಟ್ಟು, ಮೊದಲ ಬಸ್ಸಿಗೆ. ವಿಭಾಗದ ಮುಖ್ಯಸ್ಥರ ಕೋಣೆಯ ಹೊರಗಿನ ಬೆಂಚಿನಲ್ಲಿ ರೋಗಿಗಳ ಕಡೆಯವರ ನಡುವೆ ಮಧ್ಯಾಹ್ನದವರೆಗೆ ಕೂತರು. ಒಳಗೆ ಹೋದವರು ಬೇಗ ಹೊರಗೆ ಬಂದರು.

“ಕಳಿಸಿದ ಕೇಸು ಕೇಸೇ ಅಲ್ಲವಂತೆ. ನಂಗೆ ವಾದ ಮಾಡ್ಲಿಕ್ಕೆ ಬರೂದಿಲ್ಲ ನೋಡು” ಎಂದರು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ತಲೆ ಸವರಿ, ಕಿಟಕಿಯ ಪಕ್ಕ ಕೂತು, ಬಸ್ಸು ಹೊರಡುವವರೆಗೂ ಬೇರೆ ಕಡೆ ನೋಡುತ್ತಿದ್ದರು.

ನನ್ನ ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಯಿತು. ಅದೇ ಅವಧಿಯಲ್ಲಿ ಕಾಲೇಜಿನ ಆಸ್ಪತ್ರೆಯಲ್ಲಿ, ಹಿರಿಯರು ಪಕ್ಕದಲ್ಲಿಲ್ಲದೆ, ಮೊದಲ ಬಾರಿಗೆ ಒಬ್ಬಳೇ ಸಿಸೇರಿಯನ್ ಮಾಡಿದೆ. ಕೈ ತೊಳೆದವಳೇ ಕೊಪ್ಪಕ್ಕೆ ಫೋನು ಮಾಡಿದೆ. ಎತ್ತಿದ್ದು ನರ್ಸ್ ಲಲಿತಕ್ಕ.

“ಡಾಕ್ಟ್ರಮ್ಮ ಹೋಗಿಬಿಟ್ರು ಮಾರಾಯ್ತಿ, ಹೋದ ವಾರ. ಓಪಿಡಿಯಲ್ಲೇ ಎದೆನೋವು ಬಂತು. ಶಿವಮೊಗ್ಗಕ್ಕೆ ಅಂತ ಜೀಪಿಗೆ ಹತ್ತಿಸಿದ್ವಿ, ದಾರಿಯಲ್ಲೇ...” ಆಮೇಲೆ ಲಲಿತಕ್ಕ, “ನೀನು ಎಂತಕ್ಕೆ ಫೋನ್ ಮಾಡಿದ್ದು?” ಎಂದಳು.

“ಸುಮ್ಮನೆ” ಎಂದೆ.